ಮನೆಯಲ್ಲಿ ಮತ್ತೆ ಯಾರಿಗೆಲ್ಲ ತುರಿಸ್ತದೆ?

ಫೋಟೊ ಬಂದದ್ದು ಮೇ ತಿಂಗಳ ಕೊನೆಯ ವಾರ, ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ. ತಂಗಿ ಕಳಿಸಿದ್ದು. ಅವಳ ಮಗನ ಕುತ್ತಿಗೆ, ಬೆನ್ನು, ಒಂದು ಕೈ. ಎಲ್ಲ ಕಡೆ ಸಣ್ಣ ಸಣ್ಣ ಕೆಂಪು ಗುಳ್ಳೆ. ಕೆಳಗೆ ಒಂದು ಸಾಲು: 'ಅಕ್ಕ, ಇದೆಂತ? ರಾತ್ರಿ ಇಡೀ ತುರಿಸ್ತಾನೆ.'

ನಾನು ಮಕ್ಕಳ ವಾರ್ಡಿನಲ್ಲಿ 22 ವರ್ಷ ನರ್ಸ್ ಆಗಿದ್ದವಳು. ಈಗ ಮಂಗಳೂರಿನಲ್ಲಿ ಮನೆಯಲ್ಲೇ ಇದ್ದೇನೆ. ಎಡಗೈಯಲ್ಲಿ ಫೋನು ಹಿಡಿದು, ಬಲಗೈಯಲ್ಲಿ ಅನ್ನ ಕಲಸುತ್ತಾ, ಹತ್ತು ಸೆಕೆಂಡು ನೋಡಿ ಉತ್ತರ ಹಾಕಿದೆ: 'ಬೆವರುಸಾಲೆ. ಹೆದರಬೇಡ.' ಆ ಉತ್ತರ ಅರ್ಧ ಸರಿ ಇತ್ತು. ಉಳಿದ ಅರ್ಧ ತಪ್ಪಿದ್ದಕ್ಕೆ ಆ ಮನೆಯವರು ಒಂದು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ. ಇದನ್ನು ಬರೆಯಲು ತಂಗಿ ಒಪ್ಪಿದ್ದಾಳೆ, ಹೆಸರು ಮಾತ್ರ ಬೇಡ ಅಂದಿದ್ದಾಳೆ. ಯಾಕೆ ಬೇಡ ಅನ್ನುವುದೂ ಪ್ರಕರಣದ ಭಾಗವೇ.

ಮನೆ ಇರುವುದು ಬ್ರಹ್ಮಾವರದ ಹತ್ತಿರ. ತಂಗಿ, ಭಾವ, ಅವರ ಅಪ್ಪ ಅಮ್ಮ, ಐದು ವರ್ಷದ ಪುಟ್ಟ, ಒಂಬತ್ತು ತಿಂಗಳ ಕೂಸು. ಒಟ್ಟು ಆರು ಜನ. ಮತ್ತೆ ಒಂದು ನಾಯಿ.

ಸೆಕೆ

ಮೇ ತಿಂಗಳಲ್ಲಿ ಕರಾವಳಿಯ ಮಕ್ಕಳ ಮೈಮೇಲೆ ಗುಳ್ಳೆ ಎದ್ದರೆ ಮೊದಲು ನೆನಪಾಗುವುದು ಬೆವರುಸಾಲೆಯೇ. ಇಲ್ಲಿನ ಬಿಸಿಲು ಕಲಬುರಗಿಯ ಬಿಸಿಲಿನಷ್ಟು ಸುಡುವುದಿಲ್ಲ. ಆದರೆ ಗಾಳಿಯಲ್ಲಿ ನೀರು ತುಂಬಿರುವುದರಿಂದ ಬೆವರು ಆರುವುದೇ ಇಲ್ಲ. ಬೆವರು ಹೊರಗೆ ಬರುವ ಸಣ್ಣ ನಳಿಗೆಗಳು ಕಟ್ಟಿಕೊಳ್ಳುತ್ತವೆ. ಬೆವರು ಚರ್ಮದೊಳಗೇ ಸೋರಿ ಗುಳ್ಳೆ ಏಳುತ್ತದೆ. ಕುತ್ತಿಗೆ, ಬೆನ್ನು, ಎದೆ, ಬಟ್ಟೆ ಬಿಗಿಯಾಗುವ ಜಾಗ – ಅದರ ಠಿಕಾಣಿ ಅಲ್ಲೇ.

ಇದಕ್ಕೆ ಔಷಧಿಗಿಂತ ಗಾಳಿ ಬೇಕು. ದಿನಕ್ಕೆ ಎರಡು ಸಲ ತಣ್ಣೀರ ಸ್ನಾನ, ಸಡಿಲವಾದ ಹತ್ತಿ ಬನಿಯನ್, ಫ್ಯಾನು. ತುರಿಕೆ ಜಾಸ್ತಿ ಇದ್ದರೆ ಕ್ಯಾಲಮೈನ್ ಲೋಶನ್. ಪೌಡರ್ ಬೇಡ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಬೆವರಿನ ಜೊತೆ ಸೇರಿ ಅದು ಕುತ್ತಿಗೆಯ ಮಡಿಕೆಯಲ್ಲಿ ಉಂಡೆ ಕಟ್ಟುತ್ತದೆ, ಕೂಸಿನ ಮೂಗಿಗೂ ಹೋಗುತ್ತದೆ. ದಪ್ಪ ಎಣ್ಣೆ ಹಚ್ಚಿದರೆ ಕಟ್ಟಿದ ನಳಿಗೆ ಇನ್ನಷ್ಟು ಕಟ್ಟುತ್ತದೆ.

ತಂಗಿ ಎಲ್ಲವನ್ನೂ ಮಾಡಿದಳು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಕುತ್ತಿಗೆ, ಬೆನ್ನಿನ ಗುಳ್ಳೆ ಹೋಯಿತು. 'ಬೆನ್ನು ಕ್ಲೀನ್ ಆಯ್ತು ಅಕ್ಕ' ಅಂತ ಮತ್ತೊಂದು ಫೋಟೊ ಬಂತು. ಆ ಫೋಟೊದಲ್ಲಿ ಕೈ ಇರಲಿಲ್ಲ. ನಾನೂ ಕೇಳಲಿಲ್ಲ.

ಅವಳ ಮೊದಲ ಸಂದೇಶದಲ್ಲೇ ಎರಡು ಸುಳಿವು ಇದ್ದವು. ರಾತ್ರಿ ಇಡೀ ತುರಿಸುತ್ತಾನೆ ಅಂದಿದ್ದಳು. ಬೆವರುಸಾಲೆ ಹಗಲು ಸೆಕೆಯಲ್ಲಿ ಕಾಡುತ್ತದೆ, ಫ್ಯಾನಿನ ಕೆಳಗೆ ಮಲಗಿದರೆ ಸುಮ್ಮನಾಗುತ್ತದೆ. ಇನ್ನೊಂದು, ಫೋಟೊದಲ್ಲಿದ್ದ ಕೈಯ ಗುಳ್ಳೆಗಳು ಬೆರಳ ಸಂದಿನಲ್ಲಿದ್ದವು. ಬೆವರುಸಾಲೆಗೆ ಬೆರಳ ಸಂದಿನಲ್ಲಿ ಎಂತ ಕೆಲಸ?

ನಂಜು, ಬಂಗುಡೆ, ನಾಯಿ

ಕೈಯ ಗುಳ್ಳೆ ಸೊಂಟಕ್ಕೆ, ಕುಂಡೆಗೆ ಇಳಿಯಿತು. ಆಗ ವಿಷಯ ಅತ್ತೆಯ ಕೈಗೆ ಹೋಯಿತು. ಅತ್ತೆ ಅಂದರೆ ತಂಗಿಯ ಅತ್ತೆ, ನಾನೂ ಹಾಗೇ ಕರೆಯುವುದು. ಅವರು ನೋಡಿ ಒಂದೇ ಮಾತು ಹೇಳಿದರು: 'ಇದು ನಂಜು.'

ನಂಜು ಅಂದರೆ ನಮ್ಮಲ್ಲಿ ಮೊದಲು ನಿಲ್ಲುವುದು ಮೀನು, ಆಮೇಲೆ ಬದನೆ. ಪುಟ್ಟನಿಗೆ ಮೂರು ವಾರ ಬಂಗುಡೆ ಇಲ್ಲ. ಅವನ ಕಣ್ಣೆದುರೇ ಅಜ್ಜ ಬಂಗುಡೆ ಪುಳಿಮುಂಚಿ ಉಣ್ಣುತ್ತಿದ್ದರು. ಒಂದು ನಿರ್ದಿಷ್ಟ ಆಹಾರ ಒಗ್ಗದ ಮಕ್ಕಳಿದ್ದಾರೆ, ಸುಳ್ಳಲ್ಲ. ತಿಂದ ಗಂಟೆಯೊಳಗೆ ಮೈಮೇಲೆ ದಡ್ಡು ದಡ್ಡು ಎದ್ದು ಕೆಲವು ಗಂಟೆಗಳಲ್ಲಿ ಇಳಿಯುವುದು ಅದರ ರೀತಿ. ವಾರಗಟ್ಟಲೆ ಒಂದೇ ಕಡೆ ಕೂತ ಗುಳ್ಳೆಗೆ ಬಂಗುಡೆ ನಿಲ್ಲಿಸಿ ಉಪಯೋಗ ಇಲ್ಲ.

ಎರಡನೆಯ ಆರೋಪಿ ನಾಯಿ. ಅದಕ್ಕೂ ಎಲ್ಲೋ ಕೂದಲು ಉದುರಿತ್ತಂತೆ. ಅದನ್ನು ಸೌದೆ ಕೊಟ್ಟಿಗೆಗೆ ಕಟ್ಟಿದರು. ನಾಯಿಯ ಕಜ್ಜಿ ಹುಳ ಬೇರೆ ಜಾತಿ. ಮನುಷ್ಯರ ಮೈಗೆ ಹತ್ತಿದರೂ ಅಲ್ಲಿ ಸಂಸಾರ ಹೂಡುವುದಿಲ್ಲ, ಕೆಲವು ದಿನ ತುರಿಸಿ ನಿಲ್ಲುತ್ತದೆ. ನಾಯಿಗೆ ಸುಮ್ನೆ ಶಿಕ್ಷೆಯಾಯಿತು.

ಅತ್ತೆ ಕೇಪಳ ಹೂವು ಹಾಕಿ ಕಾಯಿಸಿದ ತೆಂಗಿನೆಣ್ಣೆ ಹಚ್ಚಿದರು. ಆಮೇಲೆ ಕಹಿಬೇವು, ಅರಿಶಿನ ಅರೆದು ಲೇಪ. ಇದನ್ನು ನಾನು ನಗೆಯಾಡುವುದಿಲ್ಲ. ಬೇವು, ಅರಿಶಿನದ ಲೇಪವನ್ನು ಕಜ್ಜಿ ಇದ್ದ 814 ಜನರಿಗೆ ಹಚ್ಚಿ ನೋಡಿದ ಒಂದು ಅಧ್ಯಯನ 1992ರಲ್ಲಿ ಪ್ರಕಟವಾಗಿತ್ತು. ನೂರಕ್ಕೆ 97 ಜನರಿಗೆ ಗುಣವಾಯಿತು ಎಂದು ಅದರಲ್ಲಿದೆ. ಆದರೆ ಅದು ಆರಂಭದ ಪ್ರಯೋಗ ಅಂತ ಬರೆದವರೇ ಹೇಳಿಕೊಂಡಿದ್ದಾರೆ. ಅದನ್ನು ನಂಬಿ ಕೂರುವ ಹಾಗಿಲ್ಲ. ಅತ್ತೆಯೂ ಮೈಯಿಡೀ ಹಚ್ಚಲಿಲ್ಲ, ಗುಳ್ಳೆ ಕಂಡಲ್ಲಿಗೆ ಮಾತ್ರ ಹಚ್ಚಿದರು. ಒಬ್ಬ ಪುಟ್ಟನಿಗೆ ಮಾತ್ರ ಹಚ್ಚಿದರು.

ಟ್ಯೂಬು

ಜೂನ್ ಎರಡನೆಯ ವಾರ ಭಾವ ಪೇಟೆಯಿಂದ ಒಂದು ಟ್ಯೂಬು ತಂದರು. ಮೆಡಿಕಲ್ ಶಾಪಿನ ಹುಡುಗ ಫೋಟೊ ನೋಡಿ ಕೊಟ್ಟದ್ದು. ಎರಡೇ ದಿನದಲ್ಲಿ ಕೆಂಪು ಇಳಿಯಿತು, ತುರಿಕೆ ಕಡಿಮೆಯಾಯಿತು. ಪುಟ್ಟ ನಿದ್ದೆ ಮಾಡಿದ. 'ನಿಂಗಿಂತ ಮೆಡಿಕಲ್ಲಿನವನೇ ವಾಸಿ' ಅಂತ ತಂಗಿ ತಮಾಷೆ ಮಾಡಿದಳು. ಟ್ಯೂಬಿನ ಫೋಟೊ ಕಳಿಸು ಅಂದೆ. ಅವಳು ಮರೆತಳು, ನಾನು ಮತ್ತೆ ಕೇಳಲಿಲ್ಲ. ಇದು ನನ್ನ ಎರಡನೆಯ ತಪ್ಪು.

ಆಮೇಲೆ ನೋಡಿದಾಗ ಅದರಲ್ಲಿ ಇದ್ದದ್ದು ಮೂರು: ಒಂದು ಆ್ಯಂಟಿಬಯೋಟಿಕ್, ಒಂದು ಶಿಲೀಂಧ್ರದ ಔಷಧಿ, ಮತ್ತೆ ಕ್ಲೋಬೆಟಾಸೋಲ್. ಕೊನೆಯದು ಹಚ್ಚುವ ಸ್ಟೀರಾಯ್ಡುಗಳಲ್ಲೇ ತುಂಬ ಬಲವಾದದ್ದು. ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಅಂಗಡಿಯಲ್ಲಿ ಕೇಳಿ ನೋಡಿ, ಏನಾಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಸ್ಟೀರಾಯ್ಡ್ ಕೆಟ್ಟದ್ದಲ್ಲ. ಎಕ್ಸಿಮಾ, ಅಂದರೆ ಇಸಬು ಇರುವ ಮಕ್ಕಳಿಗೆ ಸರಿಯಾದ್ದು, ಸರಿಯಾದಷ್ಟು ದಿನ ಹಚ್ಚಿದರೆ ವರದಾನ. ಆದರೆ ಅದು ಮಾಡುವ ಕೆಲಸ ಒಂದೇ, ಚರ್ಮದ ಗಲಾಟೆ ನಿಲ್ಲಿಸುವುದು. ಹುಳ ಇದ್ದರೆ ಹುಳ ಸಾಯುವುದಿಲ್ಲ. ಮೈ ಜಗಳ ನಿಲ್ಲಿಸಿದ ಮೇಲೆ ಅದು ಆರಾಮವಾಗಿ ಬೆಳೆಯುತ್ತದೆ. ಹುಳುಕಡ್ಡಿಗೆ ಹಚ್ಚಿದರೂ ಇದೇ ಕತೆ. ಮೊದಲು ಮಾಯವಾದ ಹಾಗೆ ಕಾಣುತ್ತದೆ, ಆಮೇಲೆ ಉಂಗುರದ ಆಕಾರವೂ ಇಲ್ಲದೆ ಅಂಗೈಯಗಲ ಹರಡುತ್ತದೆ. ಆಗ ಡಾಕ್ಟರಿಗೂ ಗುರುತು ಹಿಡಿಯುವುದು ಕಷ್ಟ.

ಪುಟ್ಟನಿಗೆ ಹತ್ತು ದಿನ ಸುಖ ಸಿಕ್ಕಿತು. ಹನ್ನೊಂದನೆಯ ದಿನ ಎಲ್ಲ ವಾಪಸು ಬಂತು, ಬಡ್ಡಿ ಸಮೇತ.

ಜಗಲಿಯಲ್ಲಿ, ಭಾನುವಾರ

ಜೂನ್ ಕೊನೆಯ ಭಾನುವಾರ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಹೋದೆ. ಧಾರಾಕಾರ ಮಳೆ. ಜಗಲಿಯಲ್ಲಿ ಬೆಳಕು ಸಾಲದೆ ಫೋನಿನ ಟಾರ್ಚ್ ಹಾಕಿದೆವು. ಪುಟ್ಟನಿಗೆ ಸಣ್ಣ ಜ್ವರ ಇತ್ತು. ಎರಡೂ ಮಣಿಕಟ್ಟಿನಲ್ಲಿ, ಕುಂಡೆಯಲ್ಲಿ ಹಕ್ಕಳೆ ಕಟ್ಟಿತ್ತು. ಬೆಲ್ಲದ ಪಾಕ ಚೆಲ್ಲಿ ಒಣಗಿದ ಹಾಗೆ, ಹಳದಿ ಹಳದಿ. ಒಂದನ್ನು ಒತ್ತಿದರೆ ಅಂಚಿನಿಂದ ಕೀವು ಬಂತು.

ಈ ಜೇನುಬಣ್ಣದ ಹಕ್ಕಳೆಗೆ ಇಂಪೆಟೈಗೊ ಅನ್ನುತ್ತಾರೆ. ತುರಿಸಿ ಗಾಯವಾದಲ್ಲಿ ಉಗುರಿನಿಂದ ಬ್ಯಾಕ್ಟೀರಿಯಾ ಸೇರಿ ಆಗುವಂಥದ್ದು. ಮಕ್ಕಳಲ್ಲಿ ತುಂಬ ಸಾಮಾನ್ಯ. ಆದರೆ ಅದು ಮೇಲಿನ ಪದರ. ಇಷ್ಟು ತುರಿಸುವಂತೆ ಮಾಡಿದ್ದು ಏನು?

ಬೆರಳು ಅಗಲಿಸಿ ಟಾರ್ಚ್ ಅಡ್ಡ ಹಿಡಿದೆ. ನಡುಬೆರಳು, ಉಂಗುರಬೆರಳ ಸಂದಿನಲ್ಲಿ ಒಂದು ಬೂದುಬಣ್ಣದ ಗೆರೆ. ಅಕ್ಕಿಕಾಳಿನಷ್ಟು ಉದ್ದ, ಡೊಂಕು ಡೊಂಕು, ಕಡ್ಡಿಯಲ್ಲಿ ಗೀಚಿದ ಹಾಗೆ. ಪುಟ್ಟನ ಶಾಲೆಯ ಚೀಲದಿಂದ ನೀಲಿ ಸ್ಕೆಚ್ ಪೆನ್ನು ತರಿಸಿದೆ. ಆ ಜಾಗಕ್ಕೆ ಬಳಿದು, ಒದ್ದೆ ಹತ್ತಿಯಲ್ಲಿ ಒರೆಸಿದೆ. ಸುತ್ತಲಿನ ಬಣ್ಣ ಹೋಯಿತು, ಗೆರೆಯೊಳಗಿನ ನೀಲಿ ಉಳಿಯಿತು. ಚರ್ಮದ ಕೆಳಗೆ ಸುರಂಗ ಇದೆ, ಬಣ್ಣ ಅದರೊಳಗೆ ಇಳಿದಿದೆ ಅಂತ ಅರ್ಥ. ವಾರ್ಡಿನಲ್ಲಿ ಶಾಯಿ ಹಾಕಿ ಇದನ್ನು ಮಾಡುತ್ತಿದ್ದೆವು. 'ದೊಡ್ಡಮ್ಮ, ಇನ್ನೊಂದು ಸಲ ಮಾಡು' ಅಂದ ಪುಟ್ಟ.

ಅಷ್ಟು ಹೊತ್ತೂ ಎದುರು ಕೂತಿದ್ದ ತಂಗಿ ಮಾತಾಡುತ್ತಾ ತನ್ನ ಮಣಿಕಟ್ಟು ಕೆರೆಯುತ್ತಿದ್ದಳು. ಕೆರೆಯುತ್ತಿದ್ದೇನೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

'ನಿಂಗೂ ತುರಿಸ್ತದಾ?'

'ಇಲ್ಲಪ್ಪ. ಇದು ಪಾತ್ರೆ ತೊಳೆಯುವ ಸೋಪಿಂದು.'

'ಎಷ್ಟು ದಿನದಿಂದ?'

'ಒಂದು ಹತ್ತು ದಿನ ಆಯ್ತೇನೋ.'

'ಆ ಸೋಪು ಎಷ್ಟು ವರ್ಷದಿಂದ ತರ್ತಾ ಇದ್ದೀರಿ ಮಾರಾಯ್ತಿ?'

ಅವಳು ಸುಮ್ಮನಾದಳು. ಒಳಗಿಂದ ಅತ್ತೆ, 'ನಂಗೆ ಸೀರೆ ಕಟ್ಟುವಲ್ಲಿ ಸ್ವಲ್ಪ ಉಂಟು. ಮಳೆಗಾಲ ಅಲ್ವಾ, ಒದ್ದೆ ಬಟ್ಟೆಯದ್ದು' ಅಂದರು. ಕೂಸಿನ ಅಂಗಾಲು ತಿರುಗಿಸಿ ನೋಡಿದೆ. ನಾಲ್ಕು ಗುಳ್ಳೆ, ನೀರು ತುಂಬಿದ್ದು. ದೊಡ್ಡವರಿಗೆ ಅಂಗಾಲಿಗೆ ಬರುವುದು ಅಪರೂಪ, ಕೂಸುಗಳಿಗೆ ಅಂಗೈ, ಅಂಗಾಲು, ತಲೆಗೂ ಬರುತ್ತದೆ. ಭಾವ ಏನೂ ಹೇಳಲಿಲ್ಲ, ಎದ್ದು ಒಳಗೆ ಹೋದರು. ಅವರಿಗೂ ಇತ್ತು ಅಂತ ರಾತ್ರಿ ತಂಗಿ ಹೇಳಿದಳು.

ಒಂದೇ ಸೂರಿನಡಿ ಐದು ಜನ ತುರಿಸಿಕೊಳ್ಳುತ್ತಿದ್ದರು. ಒಬ್ಬರಿಗೆ ಸೆಕೆ, ಒಬ್ಬರಿಗೆ ಸೋಪು, ಒಬ್ಬರಿಗೆ ಒದ್ದೆ ಸೀರೆ. ಯಾರೂ ಇನ್ನೊಬ್ಬರನ್ನು ಕೇಳಿರಲಿಲ್ಲ.

ಕಜ್ಜಿ

ಆ ಶಬ್ದವನ್ನು ನಾನು ಜೋರಾಗಿ ಹೇಳಿದ ಕೂಡಲೇ ಅತ್ತೆ ಬಾಗಿಲು ಮುಚ್ಚಿದರು. ಪಕ್ಕದ ಮನೆಗೆ ಕೇಳಬಾರದಲ್ಲ. ಬೈಯಬೇಕಾದರೆ 'ಕಜ್ಜಿನಾಯಿ' ಅನ್ನುವ ಊರು ನಮ್ಮದು. 'ನಮ್ಮ ಮನೆಯಲ್ಲಿ ದಿನಾ ಎರಡು ಹೊತ್ತು ಸ್ನಾನ ಮಾಡ್ತೇವೆ. ಕಜ್ಜಿ ಎಲ್ಲಿಂದ ಬರ್ತದೆ?' ಅಂತ ಅವರ ಪ್ರಶ್ನೆ.

ಸ್ನಾನಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ಬಹಳ ಸಣ್ಣ ಹುಳ, ಹೆಣ್ಣು ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಚರ್ಮದ ಮೇಲಿನ ಪದರದಲ್ಲಿ ಸುರಂಗ ತೋಡಿ ದಿನಕ್ಕೆ ಎರಡೋ ಮೂರೋ ಮೊಟ್ಟೆ ಇಡುತ್ತದೆ. ಮೂರು ನಾಲ್ಕು ದಿನಕ್ಕೆ ಮರಿ. ಸೋಪು ಅಲ್ಲಿಗೆ ಮುಟ್ಟುವುದಿಲ್ಲ. ಸಾಮಾನ್ಯವಾಗಿ ಒಬ್ಬರ ಮೈಮೇಲೆ ಇರುವುದು ಹತ್ತು ಹದಿನೈದು ಹುಳ ಅಷ್ಟೆ. ತುರಿಕೆ ಬರುವುದು ಹುಳ ಕಚ್ಚಿ ಅಲ್ಲ, ಹುಳ ಮತ್ತು ಅದರ ಹಿಕ್ಕೆಗೆ ಮೈ ಸಿಟ್ಟಾಗಿ. ಹಾಗಾಗಿ ಗುಳ್ಳೆ ನೂರಿದ್ದರೂ ಹುಳ ಹತ್ತೇ ಇರಬಹುದು.

ಇದನ್ನು ಕಂಡುಕೊಂಡವರು ಡಾಕ್ಟರುಗಳು ಮಾತ್ರ ಅಲ್ಲ, ತಾಯಂದಿರೂ. ಇಟಲಿಯ ಬೊನೊಮೊ ಎಂಬ ವೈದ್ಯ 1687ರಲ್ಲಿ ಬರೆದದ್ದನ್ನು ಓದಿದರೆ ಗೊತ್ತಾಗುತ್ತದೆ. ಬಡ ಹೆಂಗಸರು ಮಕ್ಕಳ ಕಜ್ಜಿಯಿಂದ ಸೂಜಿಮೊನೆಯಲ್ಲಿ ಏನನ್ನೋ ಹೆಕ್ಕಿ ತೆಗೆಯುತ್ತಿದ್ದರು. ಅದನ್ನು ಅವನು ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದ, ಹುಳ ಕಂಡಿತು. ಹೆಂಗಸರಿಗೆ ಮೊದಲೇ ಗೊತ್ತಿತ್ತು!

ಹರಡುವುದು ಮೈಗೆ ಮೈ ತಾಗಿ, ಅದೂ ಸ್ವಲ್ಪ ಹೊತ್ತು. ಕೈ ಕುಲುಕಿದರೆ ಸಾಮಾನ್ಯವಾಗಿ ಬರುವುದಿಲ್ಲ, ಒಟ್ಟಿಗೆ ಮಲಗಿದರೆ ಬರುತ್ತದೆ. ಮತ್ತೆ, ಮೊದಲ ಸಲ ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಮೇ ಕೊನೆಯಿಂದ ಹಿಂದಕ್ಕೆ ಎಣಿಸಿದೆವು. ಏಪ್ರಿಲ್ ಮೂರನೆಯ ವಾರ. ತಂಗಿಯ ಮುಖ ನೋಡಿದೆ. ಅವಳಿಗೂ ಹೊಳೆಯಿತು. ಮೂಲಮನೆಯ ದೈವದ ಕೋಲ. ರಜೆ ಇದ್ದ ಕಾರಣ ಮಕ್ಕಳು ಅಲ್ಲೇ ಒಂದು ವಾರ ಉಳಿದಿದ್ದರು. ಚಾವಡಿಯಲ್ಲಿ ಉದ್ದಕ್ಕೆ ಚಾಪೆ ಹಾಸಿ, ಎರಡು ಹೊದಿಕೆಯೊಳಗೆ ಎಂಟು ಮಕ್ಕಳು. ಅದರಲ್ಲಿ ಒಬ್ಬಳು ಹುಡುಗಿ ಹೊಟ್ಟೆ ಕೆರೆಯುತ್ತಿದ್ದದ್ದು ತಂಗಿಗೆ ನೆನಪಿತ್ತು. ಸೊಳ್ಳೆ ಅಂದುಕೊಂಡಿದ್ದಳು.

ಡಾಕ್ಟರ ಹತ್ತಿರ

ಸ್ಕೆಚ್ ಪೆನ್ನು ಹಿಡಿದವಳು ನಾನು. ಔಷಧಿ ಬರೆಯಬೇಕಾದವರು ಡಾಕ್ಟರು. ಜ್ವರ, ಕೀವು, ಒಂಬತ್ತು ತಿಂಗಳ ಕೂಸು – ಈ ಮೂರರಲ್ಲಿ ಒಂದಿದ್ದರೂ ಮನೆಯಲ್ಲೇ ಕೂರಬಾರದು. ಸೋಮವಾರ ಬೆಳಿಗ್ಗೆ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಬೆರಳ ಸಂದು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, 'ಮನೆಯಲ್ಲಿ ಮತ್ತೆ ಯಾರಿಗೆಲ್ಲ ತುರಿಸ್ತದೆ?'

ತಂಗಿ ನನ್ನ ಕಡೆ ತಿರುಗಿದಳು. ಮೇ ತಿಂಗಳಲ್ಲಿ ಅನ್ನ ಕಲಸುತ್ತಾ ನಾನು ಕೇಳಬೇಕಿದ್ದ ಪ್ರಶ್ನೆ ಅದು.

ಒಂದೆರಡು ಹಕ್ಕಳೆ ಮಾತ್ರ ಇದ್ದು ಮಗು ಗೆಲುವಾಗಿದ್ದರೆ ಮ್ಯುಪಿರೋಸಿನ್‌ನಂಥ ಮುಲಾಮು ಐದು ದಿನ ಹಚ್ಚಿದರೆ ಸಾಕಾಗುತ್ತದೆ. ಪುಟ್ಟನಿಗೆ ಹತ್ತಕ್ಕಿಂತ ಜಾಸ್ತಿ ಇತ್ತು, ಜ್ವರವೂ ಇತ್ತು. ಅದಕ್ಕೆ ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟರು, ಏಳು ದಿನ. ಮನೆಯಲ್ಲಿ ಮಾಡಬೇಕಾದ್ದು ಹಕ್ಕಳೆ ನೆನೆಸುವುದು. ಉಗುರು ಬೆಚ್ಚಗಿನ ನೀರಲ್ಲಿ ಅದ್ದಿದ ಶುದ್ಧ ಬಟ್ಟೆ ಹತ್ತು ನಿಮಿಷ ಇಟ್ಟರೆ ಅದು ಮೆತ್ತಗಾಗುತ್ತದೆ. ಬಂದಷ್ಟು ಒರೆಸಿ ತೆಗೆಯುವುದು, ಬಾರದ್ದನ್ನು ಕೀಳಬಾರದು. ಡೆಟ್ಟಾಲನ್ನು ಹಾಗೇ ಸುರಿಯುವವರಿದ್ದಾರೆ, ಚರ್ಮ ಸುಡುತ್ತದೆ. ಉಗುರು ಕತ್ತರಿಸಬೇಕು. ಅವನ ಟವೆಲು ಬೇರೆ. ಸಿರಪ್ ಶುರುವಾಗಿ ಎರಡು ದಿನ ಆಗುವವರೆಗೆ ಶಾಲೆ ಇಲ್ಲ.

ಯಾವಾಗ ಓಡಿ ಬರಬೇಕು ಅಂತಲೂ ಡಾಕ್ಟರು ಹೇಳಿದರು. ಹಕ್ಕಳೆಯ ಸುತ್ತ ಕೆಂಪು ಹರಡಿ ಬಿಸಿಯಾಗಿ ನೋವಾದರೆ, ಜ್ವರ ಏರಿದರೆ, ಮಗು ಮಂಕಾದರೆ, ಕಣ್ಣಿನ ಸುತ್ತ ಊದಿದರೆ. ನಾನು ಸೇರಿಸಿದ್ದು ಒಂದು: ಮಳೆಗಾಲ, ಡೆಂಗಿ ಕಾಲ. ಜ್ವರದ ಜೊತೆ ಮೈಮೇಲೆ ಕೆಂಪು, ನೇರಳೆ ಚುಕ್ಕೆ ಬಂದು, ಗಾಜಿನ ಲೋಟ ಒತ್ತಿ ನೋಡಿದರೂ ಮಾಯವಾಗದಿದ್ದರೆ ಎಣ್ಣೆ, ಲೇಪ, ಫೋಟೊ ಯಾವುದೂ ಬೇಡ, ಗಾಡಿ ಹತ್ತಿ.

ಗುರುವಾರ ರಾತ್ರಿ

ಕಜ್ಜಿಗೆ ಕೊಟ್ಟದ್ದು ನೂರಕ್ಕೆ 5ರ ಪರ್ಮೆಥ್ರಿನ್ ಕ್ರೀಮು. ಎರಡು ತಿಂಗಳು ದಾಟಿದ ಕೂಸಿಗೂ ಹಚ್ಚಬಹುದು. ಕೀವು ಸ್ವಲ್ಪ ಒಣಗಲಿ ಅಂತ ಡಾಕ್ಟರು ಗುರುವಾರ ರಾತ್ರಿಗೆ ಹೇಳಿದರು. ಮನೆಯ ಆರೂ ಜನ, ಒಂದೇ ರಾತ್ರಿ. ತುರಿಸಲಿ, ತುರಿಸದಿರಲಿ.

ಮಾವ ಒಪ್ಪಲಿಲ್ಲ. 'ನಂಗೆ ಎಂತ ಆಗ್ಲಿಲ್ಲ. ಸುಮ್ನೆ ಯಾಕೆ ಮೆತ್ತುದು?' ಅವರಿಗೆ ತುರಿಕೆ ಇರಲಿಲ್ಲ, ನಿಜ. ಆದರೆ ರಾತ್ರಿ ಪುಟ್ಟ ಮಲಗುವುದು ಅವರ ಮಗ್ಗುಲಲ್ಲೇ. ತುರಿಕೆ ಶುರುವಾಗುವ ಮೊದಲಿನ ಆ ನಾಲ್ಕಾರು ವಾರದಲ್ಲಿಯೂ ಹುಳ ದಾಟುತ್ತದೆ. ಅವರನ್ನು ಬಿಟ್ಟರೆ ಹತ್ತು ದಿನದಲ್ಲಿ ಪುಟ್ಟನಿಗೆ ವಾಪಸು. ನಾನು ಹೇಳಿದ್ದು ಅವರ ಕಿವಿಗೆ ಹೋಗಲಿಲ್ಲ. ಕೊನೆಗೆ ಪುಟ್ಟ ಹೇಳಿದ: 'ಅಜ್ಜ ಹಚ್ಚದಿದ್ರೆ ನಾನೂ ಹಚ್ಚುದಿಲ್ಲ.' ಅಲ್ಲಿಗೆ ಮುಗಿಯಿತು.

ಮಾವನ ಕಪಾಟಿನಲ್ಲಿ ಎಷ್ಟೋ ವರ್ಷದ ಹಿಂದಿನ ಒಂದು ಬಿಳಿ ಲೋಶನ್ ಬಾಟಲಿ ಇತ್ತು, ಗ್ಯಾಮಾ ಬೆಂಜೀನ್ ಹೆಕ್ಸಾಕ್ಲೋರೈಡ್. 'ಇದೇ ಸಾಕಲ್ಲ?' ಅಂದರು. ಅದು ಚರ್ಮದ ಮೂಲಕ ಒಳಗೆ ಹೋಗಿ ಸಣ್ಣ ಮಕ್ಕಳಿಗೆ ಅಪಸ್ಮಾರ ಬರಿಸಬಹುದು. ಬಾಟಲಿ ನನ್ನ ಚೀಲ ಸೇರಿತು. ಪಕ್ಕದವರು ಹೇಳಿದ್ದು ಇನ್ನೊಂದು: 'ಒಂದು ಮಾತ್ರೆ ನುಂಗಿದ್ರೆ ಆಯ್ತಂತೆ.' ಐವರ್‌ಮೆಕ್ಟಿನ್ ಮಾತ್ರೆ ಹೌದು, ಕೆಲಸ ಮಾಡುತ್ತದೆ. ಆದರೆ 15 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಗರ್ಭಿಣಿಯರಿಗೂ ಕೊಡುವುದಿಲ್ಲ. ಬಾಗಿಲು ಮುಚ್ಚಿದ್ದರೂ ಪಕ್ಕದವರಿಗೆ ಹೇಗೆ ಗೊತ್ತಾಯಿತು ಅಂತ ಅತ್ತೆಗೆ ಇವತ್ತಿಗೂ ಆಶ್ಚರ್ಯ.

ಹಚ್ಚುವ ಕ್ರಮದಲ್ಲೇ ಹೆಚ್ಚಿನವರು ಸೋಲುವುದು. ಗುಳ್ಳೆಗೆ ಮಾತ್ರ ಹಚ್ಚುತ್ತಾರೆ. ಗುಳ್ಳೆ ಇಲ್ಲದಲ್ಲೂ ಹುಳ ಇರುತ್ತದೆ. ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದು ಇಂಚು ಬಿಡಬಾರದು. ಬೆರಳ ಸಂದು, ಉಗುರ ಕೆಳಗೆ, ಹೊಕ್ಕಳು, ಕಂಕುಳು, ತೊಡೆಸಂದು, ಕುಂಡೆಯ ಸೀಳು, ಬೆನ್ನಿನ ಕೈ ಎಟುಕದ ನಡುಭಾಗ. ಕೂಸಿಗೂ ಪುಟ್ಟನಿಗೂ ಕಣ್ಣು, ಬಾಯಿಯ ಸುತ್ತ ಬಿಟ್ಟು ಮುಖ, ತಲೆ, ಕಿವಿಯ ಹಿಂದೆಯೂ ಹಚ್ಚಿದೆವು. ದೊಡ್ಡವರೊಬ್ಬರಿಗೆ 30 ಗ್ರಾಂ, ಅಂದರೆ ಒಂದಿಡೀ ಟ್ಯೂಬು ಬೇಕು. ಆರು ಜನರಿಗೆ ಐದು ಟ್ಯೂಬು ಹಿಡಿಯಿತು. ಭಾವ ಎರಡು ತಂದಿದ್ದರು, ಮಳೆಯಲ್ಲಿ ಮತ್ತೆ ಹೋದರು.

ಬಿಸಿನೀರ ಸ್ನಾನ ಮುಗಿಸಿ ಬಂದ ಕೂಡಲೇ ಹಚ್ಚಬಾರದು, ಔಷಧಿ ಬೇಕಾದ್ದಕ್ಕಿಂತ ಜಾಸ್ತಿ ಒಳಗೆ ಹೋಗುತ್ತದೆ. ಮೈ ತಣಿದು ಒಣಗಿರಬೇಕು. ಎಂಟರಿಂದ ಹದಿನಾಲ್ಕು ಗಂಟೆ ಇರಲಿ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ತಂಗಿ ಕೂಸಿಗೆ ಹಾಲು ಕೊಡುವ ಮೊದಲು ಎದೆ ತೊಳೆದು, ಕೊಟ್ಟ ಮೇಲೆ ಮತ್ತೆ ಹಚ್ಚಿಕೊಂಡಳು. ಕೂಸು ಬೆರಳು ಚೀಪದ ಹಾಗೆ ಕೈಗೆ ಕಾಲುಚೀಲ ಹಾಕಿದೆವು. ಅದು ರಾತ್ರಿ ಎರಡು ಗಂಟೆವರೆಗೆ ಆ ಕಾಲುಚೀಲವನ್ನೇ ಚೀಪುತ್ತಾ ಕೂತಿತ್ತು. ಮೂರು ಸಲ ಬದಲಿಸಿದೆ.

ಬಟ್ಟೆ

ಪುಸ್ತಕದಲ್ಲಿ ಬರೆದಿರುತ್ತದೆ: ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಒಣಗಿಸಿ. ಜೂನ್ ಕೊನೆಯಲ್ಲಿ, ಉಡುಪಿ ಜಿಲ್ಲೆಯಲ್ಲಿ! ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರು. ಒಳಚಡ್ಡಿ ಒಣಗಲು ಮೂರು ದಿನ. ಆರು ಜನರ ಹಾಸಿಗೆ ಬಟ್ಟೆ ಒಗೆದರೆ ಮನೆಯೇ ಕೆರೆಯಾಗುತ್ತದೆ.

ಈ ಹುಳ ಮನುಷ್ಯರ ಮೈ ಬಿಟ್ಟರೆ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಹಾಗಾಗಿ ಒಗೆಯಲೇಬೇಕು ಅಂತ ಇಲ್ಲ, ದೂರ ಇಟ್ಟರೂ ಆಯಿತು. ಕೊನೆಯ ಮೂರು ದಿನ ಉಟ್ಟದ್ದು, ಹೊದ್ದದ್ದು ಮಾತ್ರ ಲೆಕ್ಕ. ಬೆಳಿಗ್ಗೆ ಹಂಡೆಯ ಕುದಿನೀರಲ್ಲಿ ಬೆಡ್‌ಶೀಟು, ಟವೆಲು, ಒಳಬಟ್ಟೆ ನೆನೆಸಿದೆವು. ಹಿಂಡಿ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದೆವು, ಹೊಗೆ ವಾಸನೆ ಬಂದರೂ ಒಣಗುತ್ತದೆ. ಕಂಬಳಿ, ದಿಂಬು, ಅತ್ತೆಯ ಒಳ್ಳೆಯ ಸೀರೆ, ಪುಟ್ಟನ ಬಟ್ಟೆ ಕರಡಿ ಎಲ್ಲ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಒಂದು ವಾರ ಅಟ್ಟಕ್ಕೆ. ಹಾಸಿಗೆ ಸುಡುವುದು, ಗೋಡೆಗೆ ಔಷಧಿ ಹೊಡೆಯುವುದು ಯಾವುದೂ ಬೇಡ. ನಾಯಿಯನ್ನೂ ಬಿಡಿಸಿದೆವು.

ತುರಿಕೆ ನಿಲ್ಲಲಿಲ್ಲ

ನಾಲ್ಕನೆಯ ದಿನ ತಂಗಿಯ ಫೋನು. 'ಅಕ್ಕ, ಏನೂ ಆಗ್ಲಿಲ್ಲ. ಇನ್ನೂ ತುರಿಸ್ತದೆ. ಇವತ್ತು ಮತ್ತೆ ಹಚ್ಚಲಾ?'

ಬೇಡ. ಹುಳ ಸತ್ತರೂ ಅದರ ಅವಶೇಷ ಚರ್ಮದೊಳಗೆ ಇರುತ್ತದೆ. ಚರ್ಮ ಮೇಲೆ ಬಂದು ಉದುರುವವರೆಗೆ, ಎರಡರಿಂದ ನಾಲ್ಕು ವಾರ, ತುರಿಕೆ ಇರಬಹುದು. ಇದು ಗೊತ್ತಿಲ್ಲದೆ ದಿನಾ ಕ್ರೀಮು ಮೆತ್ತುವವರು ಬಹಳ. ಅದರಿಂದಲೇ ಚರ್ಮ ಒಣಗಿ ಇನ್ನಷ್ಟು ತುರಿಸುತ್ತದೆ. ಎರಡನೆಯ ಸಲ ಹಚ್ಚಬೇಕಾದ್ದು ಒಂದು ವಾರ ಬಿಟ್ಟು, ಉಳಿದ ಮೊಟ್ಟೆಯಿಂದ ಹೊರಬಂದ ಮರಿಗಳಿಗೆ. ನಡುವೆ ಬರೀ ತೆಂಗಿನೆಣ್ಣೆ. ಅತ್ತೆಯ ಕೇಪಳದ ಎಣ್ಣೆಗೆ ಆಗ ಮರ್ಯಾದೆ ಸಿಕ್ಕಿತು. ಗಾಯ ಮಾಯ್ದ, ಒಣಗಿದ ಚರ್ಮಕ್ಕೆ ಅದು ಹಿತ. ರಾತ್ರಿ ನಿದ್ದೆಗೆ ಡಾಕ್ಟರು ಪುಟ್ಟನಿಗೆ ತುರಿಕೆಯ ಸಿರಪ್ ಬರೆದಿದ್ದರು.

ನಾನು ನೋಡಲು ಹೇಳಿದ್ದು ಎರಡು ವಿಷಯ. ನಾಲ್ಕು ವಾರ ಕಳೆದ ಮೇಲೂ ಹೊಸ ಗುಳ್ಳೆ, ಹೊಸ ಗೆರೆ ಬಂದರೆ ಮತ್ತೆ ಡಾಕ್ಟರಿಗೆ. ಇನ್ನೊಂದು, ಮೂತ್ರ. ಚರ್ಮಕ್ಕೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಆಗಿದ್ದರೆ, ಅಪರೂಪಕ್ಕೆ, ಮೂರರಿಂದ ಆರು ವಾರದ ಮೇಲೆ ಮೂತ್ರಪಿಂಡ ಊದಿಕೊಳ್ಳುತ್ತದೆ. ಬೆಳಿಗ್ಗೆ ಮುಖ, ಕಣ್ಣು ಬಾತಿರುತ್ತದೆ, ಮೂತ್ರ ಕಡು ಚಹಾದ ಬಣ್ಣ. ಹಕ್ಕಳೆ ಮರೆತು ಹೋದ ಮೇಲೆ ಬರುವುದರಿಂದ ಯಾರೂ ಎರಡನ್ನೂ ಕೂಡಿಸಿ ನೋಡುವುದಿಲ್ಲ.

ಜುಲೈ ಕೊನೆಗೆ, ಬೆಳಿಗ್ಗೆ ಆರಕ್ಕೆ, ಫೋನು. 'ಅಕ್ಕ, ಕೆಂಪು!' ತಂಗಿ ಅಳುತ್ತಿದ್ದಳು. ಮುಖ ಊದಿದೆಯಾ? ಇಲ್ಲ. ಜ್ವರ? ಇಲ್ಲ. ನಿನ್ನೆ ರಾತ್ರಿ ಊಟಕ್ಕೆ ಎಂತ? ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬೀಟ್‌ರೂಟ್ ಪಲ್ಯ' ಅಂದಳು. ಆದರೂ ಪರೀಕ್ಷೆ ಮಾಡಿಸು ಅಂದೆ. ಮಾಡಿಸಿದರು, ಏನೂ ಇರಲಿಲ್ಲ. ಅಷ್ಟರಲ್ಲಿ ಪುಟ್ಟನ ಕೈಯಲ್ಲಿ ಉಳಿದದ್ದು ಕಪ್ಪು ಕಲೆ ಮಾತ್ರ. ಬಂಗುಡೆ ಶುರುವಾಗಿ ಮೂರು ವಾರ ಆಗಿತ್ತು.

ಮೂಲಮನೆಗೆ ಫೋನು

ಚಾವಡಿಯಲ್ಲಿ ಮಲಗಿದ್ದ ಉಳಿದ ಏಳು ಮಕ್ಕಳ ಮನೆಗಳಿಗೆ ಹೇಳಬೇಕಿತ್ತು. ಇಲ್ಲದಿದ್ದರೆ ಚೌತಿಗೆ ಮತ್ತೆ ಸೇರುತ್ತಾರೆ, ಮತ್ತೆ ಮೊದಲಿನಿಂದ ಶುರು. ಭಾವ ಒಲ್ಲೆ ಅಂದರು, ಅತ್ತೆ ಒಲ್ಲೆ ಅಂದರು. ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು 2017ರಲ್ಲಿ ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ನಾಚಿಕೆ ಎಂತಕ್ಕೆ ಅಂತ ಕೇಳಿದೆ. ಆ ಸಂಸ್ಥೆ ನಮ್ಮ ಮೂಲಮನೆಗೆ ಬರುವುದಿಲ್ಲವಲ್ಲ. ಕೊನೆಗೆ ನಾನೇ ಫೋನು ಮಾಡಿದೆ. ಐದು ಮನೆಯವರು ಚೆನ್ನಾಗಿಯೇ ಕೇಳಿಸಿಕೊಂಡರು. ಹೊಟ್ಟೆ ಕೆರೆಯುತ್ತಿದ್ದ ಹುಡುಗಿಯ ಅಮ್ಮ ಮಾತ್ರ, 'ನಮ್ಮ ಮಕ್ಕಳಿಗೆ ಅಂಥದ್ದೆಲ್ಲ ಇಲ್ಲ' ಅಂತ ಇಟ್ಟುಬಿಟ್ಟಳು.

ಒಂದು ವಾರ ಕಳೆದು ಅವಳದೇ ಫೋನು ಬಂತು. ಹವಾಮಾನ, ಬೇಸಾಯ, ನನ್ನ ಮಂಡಿನೋವು ಎಲ್ಲ ವಿಚಾರಿಸಿದಳು. ಆಮೇಲೆ ಸ್ವರ ತಗ್ಗಿಸಿ, 'ಅಕ್ಕ, ಆ ಕ್ರೀಮಿನ ಹೆಸರೆಂತ? ನಮ್ಮ ಪಕ್ಕದ ಮನೆಯವರಿಗೆ ಬೇಕಿತ್ತು' ಅಂದಳು.

ಮೊದಲು ಡಾಕ್ಟರಿಗೆ ತೋರಿಸಲಿ ಅಂದೆ. ಎಲ್ಲರಿಗೂ ಒಟ್ಟಿಗೆ ಹಚ್ಚಬೇಕು, ಒಬ್ಬರಿಗೊಂದು ಟ್ಯೂಬಾದರೂ ಬೇಕಾಗ್ತದೆ, 'ಪಕ್ಕದ ಮನೆಯಲ್ಲಿ ಎಷ್ಟು ಜನ?' ಅಂತ ಕೇಳಿದೆ.

'ಒಂಬತ್ತು' ಅಂದಳು. ಅವಳ ಮನೆಯಲ್ಲೂ ಒಂಬತ್ತೇ ಜನ.